ಸುರಂಜನ್ ದಾಸ್ ರಸ್ತೆಯ ಬಗೆಹರಿಯದ ಲೆಕ್ಕ: ನಮ್ಮ ಯುದ್ಧವಿಮಾನಕ್ಕೆ ನಮ್ಮದೇ ಎಂಜಿನ್ ಏಕಿಲ್ಲ?

ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯನ್ನೂ ಹಳೇ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರು ಯಾರದೆಂದು ತಿಳಿದವರು ಅವರಲ್ಲಿ ಕಡಿಮೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ಭಾರತ ತಾನೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನವಾದ ‘ಮಾರುತ’ವನ್ನು ಮೊದಲ ಬಾರಿಗೆ ಹಾರಿಸಿದ ಪೈಲಟ್. 1970ರ ಜನವರಿ 10ರಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, ಎಂಜಿನ್ನಿನ ಬಲ ಹೆಚ್ಚಿಸಲು ಮಾರ್ಪಡಿಸಿದ ಅದೇ ಮಾರುತವನ್ನು ಪರೀಕ್ಷೆಗಾಗಿ ಮೇಲೆಬ್ಬಿಸುವಾಗ ನಡೆದ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಮಾರ್ಪಾಡಿನ ಹಿಂದೆ ಇದ್ದ ಸಂಸ್ಥೆ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಅಂದರೆ ಜಿಟಿಆರ್‌ಇ. ಇಂದು ಅದರ ವಿಳಾಸವೂ ಸುರಂಜನ್ ದಾಸ್ ರಸ್ತೆಯೇ. ಅವರು ತೀರಿಕೊಂಡು ಐವತ್ತು ವರ್ಷಗಳ ಮೇಲಾಯಿತು. ಅವರ ಪ್ರಾಣ ತೆಗೆದುಕೊಂಡ ಪ್ರಶ್ನೆಗೆ ಈಗಲೂ ಉತ್ತರ ಸಿಕ್ಕಿಲ್ಲ.

ಆ ಪ್ರಶ್ನೆ ಈಗ ಮತ್ತೆ ಮೇಲೆದ್ದಿರುವುದು ನಮ್ಮ ಇಂದಿನ ಸ್ವದೇಶಿ ಯುದ್ಧವಿಮಾನ ತೇಜಸ್ ಮೂಲಕ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 83 ತೇಜಸ್ ಮಾರ್ಕ್-1ಎ ವಿಮಾನಗಳಿಗಾಗಿ ಎಚ್‌ಎಎಲ್ ಜೊತೆ ಸುಮಾರು 48,000 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿತು. 2024ರ ಮಾರ್ಚ್ ವೇಳೆಗೆ ಮೊದಲ ವಿಮಾನ ವಾಯುಪಡೆಯ ಕೈ ಸೇರಬೇಕಿತ್ತು, ಸೇರಲಿಲ್ಲ. ರೇಡಾರ್ ಮತ್ತು ಕ್ಷಿಪಣಿಗಳನ್ನು ಹೊಂದಿಸುವ ಕೆಲಸವೂ ತಡವಾಯಿತೆಂಬುದು ನಿಜ. ಆದರೆ ಎಲ್ಲಕ್ಕಿಂತ ಕಣ್ಣಿಗೆ ಹೊಡೆದು ಕಂಡ ಕೊರತೆ ಎಂಜಿನ್ನಿನದು. ಅಮೆರಿಕದ ಜಿಇ ಕಂಪನಿಯಿಂದ ಬರಬೇಕಿದ್ದ 99 ಎಫ್404-ಐಎನ್20 ಎಂಜಿನ್‌ಗಳಲ್ಲಿ ಮೊದಲನೆಯದು ಹೊರಬಿದ್ದದ್ದು 2025ರ ಮಾರ್ಚ್‌ನಲ್ಲಿ, ಸುಮಾರು ಎರಡು ವರ್ಷ ತಡವಾಗಿ. ಅಷ್ಟರಲ್ಲಿ ಮೈಕಟ್ಟು ಮುಗಿದ ವಿಮಾನಗಳು ಬೆಂಗಳೂರಿನ ಹ್ಯಾಂಗರ್‌ಗಳಲ್ಲಿ ಎಂಜಿನ್ನಿಗಾಗಿ ಕಾದು ನಿಂತಿದ್ದವು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಮಿಗ್-21ಗಳಿಗೆ ವಿದಾಯ ಹೇಳಿದ ಮೇಲೆ, 42 ಸ್ಕ್ವಾಡ್ರನ್‌ಗಳಿರಬೇಕಾದ (ಯುದ್ಧವಿಮಾನಗಳ ತುಕಡಿಗಳು) ವಾಯುಪಡೆಯಲ್ಲಿ ಉಳಿದದ್ದು 29.

ಈ ವಿಳಂಬಕ್ಕೆ ಜಿಇಯನ್ನು ದೂರಿ ಸುಮ್ಮನಾಗುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ. ಭಾರತ ಹಿಂದೆ ಕೇಳಿದ್ದ 65 ಎಂಜಿನ್‌ಗಳನ್ನು ಆ ಕಂಪನಿ 2016ರ ವೇಳೆಗೆ ಕೊಟ್ಟು ಮುಗಿಸಿತ್ತು. ಮತ್ತೆ ಬೇಡಿಕೆ ಬಾರದ್ದರಿಂದ ಆ ಮಾದರಿಯ ಉತ್ಪಾದನೆಯನ್ನು ನಿಲ್ಲಿಸಿತ್ತು. 2021ರಲ್ಲಿ ಹೊಸ ಬೇಡಿಕೆ ಬಂದಾಗ ಚದುರಿಹೋಗಿದ್ದ ಬಿಡಿಭಾಗ ಪೂರೈಕೆದಾರರನ್ನು ಮತ್ತೆ ಒಗ್ಗೂಡಿಸಬೇಕಾಯಿತು, ಅದೂ ಕೋವಿಡ್ ನಂತರ ಜಗತ್ತಿನ ವಿಮಾನ ಉದ್ಯಮವೇ ಬಿಡಿಭಾಗಗಳಿಗೆ ಪರದಾಡುತ್ತಿದ್ದ ಕಾಲದಲ್ಲಿ. ಎರಡು ಬೇಡಿಕೆಗಳ ನಡುವೆ ಐದು ವರ್ಷ ನಾವೇ ಮೌನವಾಗಿದ್ದೆವು. ಬೇರೆಯವರ ಕಾರ್ಖಾನೆಯ ಬಾಗಿಲು ನಮ್ಮ ನಿರ್ಧಾರಕ್ಕಾಗಿ ತೆರೆದೇ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಆ ಬಾಗಿಲು ನಮ್ಮದೇ ಆಗಿದ್ದರೆ ಮಾತು ಬೇರೆಯಿತ್ತು. ಅದು ಏಕೆ ನಮ್ಮದಾಗಲಿಲ್ಲ ಎಂಬುದಕ್ಕೆ ಸಿಗುವ ಸಾಮಾನ್ಯ ಉತ್ತರ, ತಂತ್ರಜ್ಞಾನ ಕಷ್ಟದ್ದು ಎಂಬುದು. ಕಷ್ಟದ್ದು ಹೌದು. ಆದರೆ ಅಷ್ಟೇ ದೊಡ್ಡ ಕಾರಣ ಇನ್ನೊಂದಿದೆ: ಪ್ರತಿ ಬಾರಿಯೂ ನಾವು ವಿಮಾನವನ್ನು ಮೊದಲು ಕೈಗೆತ್ತಿಕೊಂಡು, ಎಂಜಿನ್ ಅದರ ಹಿಂದೆ ಹೇಗೋ ಬಂದು ಸೇರುತ್ತದೆಂದು ನಂಬಿದೆವು. ವಿಮಾನದ ಗಡುವು ಮೀರಿದಾಗ ಎಂಜಿನ್ನನ್ನು ಕೈಬಿಟ್ಟೆವು.

ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸದಲ್ಲಿ ಹೋದವರು ಅಲ್ಲಿ ನಿಲ್ಲಿಸಿರುವ ಮಾರುತವನ್ನು ನೋಡಿಯೇ ಇರುತ್ತಾರೆ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನಡುವಿನಲ್ಲಿ ತುಸು ಸಣ್ಣಗಾದ ಒಡಲು. ಶಬ್ದದ ವೇಗವನ್ನು ಲೀಲಾಜಾಲವಾಗಿ ದಾಟಲೆಂದೇ ತಿದ್ದಿದ ಆಕಾರ ಅದು. ಹಿಂಬದಿಗೆ ಹೋಗಿ ನೋಡಿದರೆ ಪಕ್ಕಪಕ್ಕದಲ್ಲಿ ಎರಡು ಎಂಜಿನ್‌ಗಳ ಬಾಯಿ ಕಾಣುತ್ತದೆ. ಅಂಥ ಒಡಲಿಗೆ ಆ ಬಾಯಿಗಳು ಸಣ್ಣವು ಎಂಬುದೇ ಈ ವಿಮಾನದ ಕಥೆ.

ಅದನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಹೆಸರಾಂತ ಫಾಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ಕೆಲಕಾಲ ಕೆಲಸ ಮಾಡಿ, 1956ರಲ್ಲಿ ತಮ್ಮ ತಂಡದ ಕೆಲವರೊಂದಿಗೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ಆಗ ಎಚ್‌ಎಎಲ್‌ಗೆ ಹದಿನಾರು ವರ್ಷ. ಮೈಸೂರು ಸಂಸ್ಥಾನದ ನೆಲ ಮತ್ತು ಹಣದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಕಾರ್ಖಾನೆಯದು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿ, 1951ರಲ್ಲಿ ಹಾರಿಸಿದ್ದ ಅನುಭವವೂ ಅದಕ್ಕಿತ್ತು. ಅಲ್ಲಿಂದ ಶಬ್ದಾತೀತ ಯುದ್ಧವಿಮಾನಕ್ಕೆ ಜಿಗಿಯುವುದು ಸಣ್ಣ ಮಾತಲ್ಲ. ಆದರೂ 1959ರಲ್ಲಿ ಅದೇ ಅಳತೆಯ ಮರದ ಗ್ಲೈಡರ್ ಹಾರಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಒಯ್ದರು. ಏಷ್ಯಾದಲ್ಲಿ ಅಂದು ಇಂಥ ಸಾಹಸಕ್ಕೆ ಕೈಹಾಕಿದ ದೇಶಗಳು ಎಷ್ಟಿದ್ದವು ಎಂದು ಯೋಚಿಸಿದರೆ, ಆ ಎಂಜಿನಿಯರುಗಳ ಬಗ್ಗೆ ಗೌರವ ತಾನಾಗಿಯೇ ಹುಟ್ಟುತ್ತದೆ.

ಟ್ಯಾಂಕ್ ತಮ್ಮ ವಿನ್ಯಾಸವನ್ನು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಎಂಜಿನ್ನಿನ ಹೆಚ್ಚು ಬಲಶಾಲಿಯಾದ, ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಸಾಧನ) ಉಳ್ಳ ‘12’ ಮಾದರಿಯನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದರು. ಅದು ಸುಮಾರು 8,000 ಪೌಂಡ್ ನೂಕುಬಲ ಕೊಡಬೇಕಿತ್ತು. ಆದರೆ ನ್ಯಾಟೋ ದೇಶಗಳ ಆಸಕ್ತಿ ಇಳಿದೊಡನೆ ಆ ಮಾದರಿಗೆ ಬೇರೆ ಗಿರಾಕಿ ಉಳಿಯಲಿಲ್ಲ. ಉಳಿದ ಅಭಿವೃದ್ಧಿಯ ಖರ್ಚನ್ನು ಭಾರತ ಕೊಟ್ಟರೆ ಮಾತ್ರ ಮುಂದುವರಿಸುವುದೆಂದಾಯಿತು. ವಿದೇಶಿ ವಿನಿಮಯಕ್ಕೆ ಒದ್ದಾಡುತ್ತಿದ್ದ ಭಾರತ ಒಪ್ಪಲಿಲ್ಲ. ಕೊನೆಗೆ ಮಾರುತಕ್ಕೆ ದಕ್ಕಿದ್ದು, ನ್ಯಾಟ್ ವಿಮಾನಗಳಿಗಾಗಿ ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನ್ನಿನದೇ 703 ಮಾದರಿ, ಒಂದೊಂದಕ್ಕೆ 4,850 ಪೌಂಡ್ ಬಲದ್ದು. ಎರಡನ್ನು ಜೋಡಿಸಿದರೂ ವಿಮಾನ ಶಬ್ದದ ವೇಗವನ್ನು ಮುಟ್ಟಲು ಏದುಸಿರು ಬಿಡುತ್ತಿತ್ತು.

ಎಂಜಿನ್ನಿಗಾಗಿ ನಡೆದ ಹುಡುಕಾಟ ಈಜಿಪ್ಟಿನವರೆಗೂ ಹೋಯಿತು. ಕೈರೋ ಬಳಿಯ ಹೆಲ್ವಾನ್‌ನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ಕಟ್ಟುತ್ತಿದ್ದರು. ಅದನ್ನು ಹಾಕಿಕೊಳ್ಳಬೇಕಿದ್ದ ಈಜಿಪ್ಟಿನ ಎಚ್‌ಎ-300 ವಿಮಾನವನ್ನು 1964ರ ಮಾರ್ಚ್‌ನಲ್ಲಿ ಮೊದಲು ಹಾರಿಸಿದವರು ಭಾರತೀಯ ಪೈಲಟ್ ಕಪಿಲ್ ಭಾರ್ಗವ. ಆ ಹಾರಾಟ ನಡೆದದ್ದೂ ಆರ್ಫಿಯಸ್ ಎಂಜಿನ್ನಿನಿಂದಲೇ. ಭಾರತ ಒಂದು ಮಾರುತವನ್ನೇ ಈಜಿಪ್ಟಿಗೆ ಕಳಿಸಿತು. ಅದರ ಒಂದು ಆರ್ಫಿಯಸ್ ತೆಗೆದು ಇ-300 ಕೂರಿಸಿ 1967ರಲ್ಲಿ ಹಾರಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲ್ ಜೊತೆ ನಡೆದ ಯುದ್ಧದಲ್ಲಿ ಈಜಿಪ್ಟ್ ನುಚ್ಚುನೂರಾಯಿತು, 1969ರಲ್ಲಿ ಯೋಜನೆ ನಿಂತಿತು, ನಮ್ಮ ಆಸೆಯೂ ಅದರೊಡನೆ ಮುಗಿಯಿತು.

ಉಳಿದ ದಾರಿ ಮನೆಯಲ್ಲೇ ಮಾಡುವುದು. 1961ರ ಕೊನೆಯಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಬಂದಿದ್ದ ಜಿಟಿಆರ್‌ಇ, ಆರ್ಫಿಯಸ್ ಎಂಜಿನ್ನಿನ ಹಿಂಬದಿಗೆ ಮರುದಹನದ ಕೊಳವೆ ಜೋಡಿಸಿ ನೂಕುಬಲವನ್ನು ಸುಮಾರು 18 ಪ್ರತಿಶತ ಹೆಚ್ಚಿಸಿತು. ಎಂಥ ಸಾಮಗ್ರಿ, ಎಂಥ ಪರೀಕ್ಷಾ ಸೌಲಭ್ಯ ಇಟ್ಟುಕೊಂಡು ಅವರು ಅದನ್ನು ಮಾಡಿದರೆಂದು ನೆನೆದರೆ ಅದು ದೊಡ್ಡ ಸಾಧನೆಯೇ. ಆದರೆ ಕೊಳವೆಗೆ ಜಾಗ ಮಾಡಲು ವಿಮಾನದ ಬಾಲದ ಭಾಗವನ್ನು ದಪ್ಪಗೊಳಿಸಬೇಕಾಯಿತು. ದಪ್ಪಗೊಳಿಸಿದ್ದರಿಂದ ಗಾಳಿಯ ಎಳೆತ ಹೆಚ್ಚಿ, ಗಳಿಸಿದ ಬಲದ ಬಹುಪಾಲು ಅಲ್ಲೇ ಸೋರಿಹೋಯಿತು. ಸುರಂಜನ್ ದಾಸ್ ಅವರ ಸಾವಿನ ನಂತರವೂ ಯೋಜನೆ ಸ್ವಲ್ಪ ಕಾಲ ಉಸಿರಾಡಿತು, ಮೇಲೇಳಲಿಲ್ಲ. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ಕೆಲಸದಲ್ಲಿ ಗಟ್ಟಿಮುಟ್ಟು ವಿಮಾನವೆಂಬ ಹೆಸರನ್ನೂ ಪಡೆದವು. ಆದರೆ ಮಾರುತದ ಮುಂದಿನ ಪೀಳಿಗೆ ಹುಟ್ಟಲಿಲ್ಲ, ಅದನ್ನು ಕಟ್ಟಿದ ವಿನ್ಯಾಸಕಾರರ ತಂಡ ಚದುರಿತು. ಮುಂದಿನ ಸ್ವದೇಶಿ ಯುದ್ಧವಿಮಾನವಾದ ತೇಜಸ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ. ನಡುವಿನ ಈ ಅಂತರವೇ ನನ್ನ ದೃಷ್ಟಿಯಲ್ಲಿ ಮಾರುತದ ಕಥೆಯ ಅತ್ಯಂತ ನೋವಿನ ಭಾಗ.

ಎಂಜಿನ್ ಮಾಡುವುದು ಅಷ್ಟು ಕಷ್ಟವೇಕೆ ಎಂಬುದನ್ನು ಅರಿಯಲು ಅದರ ಒಂದೇ ಒಂದು ಭಾಗವನ್ನು ಕೈಗೆತ್ತಿಕೊಂಡು ನೋಡಿದರೆ ಸಾಕು. ಟರ್ಬೈನಿನ ಅಲಗು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಇಂಧನ ಉರಿದ ಜಾಗದಿಂದ ನುಗ್ಗುವ ಅನಿಲ ಬಂದು ಬಡಿಯುವುದು ಇದಕ್ಕೇ. ಆ ಅನಿಲದ ಉಷ್ಣತೆ ಆಧುನಿಕ ಯುದ್ಧವಿಮಾನದ ಎಂಜಿನ್‌ಗಳಲ್ಲಿ 1,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಅಲಗನ್ನು ಮಾಡಿರುವ ನಿಕಲ್ ಮಿಶ್ರಲೋಹ ಕರಗುವುದು ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ. ಅಂದರೆ ತನ್ನನ್ನು ಕರಗಿಸಬಲ್ಲ ಗಾಳಿಯಲ್ಲಿ ನಿಂತು ಆ ಅಲಗು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು, ತಿರುಗುವಾಗ ಹೊರಕ್ಕೆ ಎಳೆಯುವ ಟನ್‌ಗಟ್ಟಲೆ ಸೆಳೆತಕ್ಕೆ ಕೂದಲೆಳೆಯಷ್ಟೂ ಉದ್ದವಾಗದೆ ಇರಬೇಕು, ಮತ್ತು ಇದನ್ನು ಸಾವಿರಾರು ಗಂಟೆ ಮಾಡಬೇಕು.

ಅದು ಬದುಕುವುದು ಮೂರು ಉಪಾಯಗಳಿಂದ. ಒಂದು, ಅಲಗಿನ ಒಳಗೆ ಟೊಳ್ಳು ದಾರಿಗಳನ್ನು ಮಾಡಿ ಅವುಗಳಲ್ಲಿ ಕಂಪ್ರೆಸರಿನಿಂದ (ಗಾಳಿಯನ್ನು ಒತ್ತಿ ಒಳಗೆ ನೂಕುವ ಭಾಗ) ತಂದ, ಹೋಲಿಕೆಯಲ್ಲಿ ತಣ್ಣಗಿನ ಗಾಳಿ ಹರಿಸುವುದು. ಆ ಗಾಳಿ ಮೈಮೇಲಿನ ಸೂಕ್ಷ್ಮ ರಂಧ್ರಗಳಿಂದ ಹೊರಬಂದು ಅಲಗಿಗೆ ತೆಳು ಹೊದಿಕೆಯಾಗುತ್ತದೆ. ಎರಡನೆಯದು, ಶಾಖ ತಡೆಯುವ ಜಿರ್ಕೋನಿಯಾ ಪಿಂಗಾಣಿಯ ಲೇಪ. ಮೂರನೆಯದೇ ಅಚ್ಚರಿಯದು: ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುವುದು. ಸಾಮಾನ್ಯ ಲೋಹದಲ್ಲಿ ಅಸಂಖ್ಯ ಸಣ್ಣ ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ಬಿಸಿ ಮತ್ತು ಎಳೆತ ಕೂಡಿದಾಗ ಲೋಹ ಬಿಟ್ಟುಕೊಡುವುದು ಅವುಗಳ ನಡುವಿನ ಸಂದಿಗಳಲ್ಲಿ. ಸಂದಿಯೇ ಇಲ್ಲದಿದ್ದರೆ ಬಿರುಕಿಗೆ ಜಾಗವೇ ಇಲ್ಲ.

ಅದನ್ನು ಮಾಡುವ ಬಗೆ ನಮ್ಮ ಪಂಚಲೋಹದ ವಿಗ್ರಹ ಎರೆಯುವವರಿಗೆ ಅರ್ಧ ಪರಿಚಿತವಾದದ್ದು. ಮೊದಲು ಮೇಣದಲ್ಲಿ ಅಲಗಿನ ರೂಪ ಮಾಡಿ, ಅದರೊಳಗೆ ಟೊಳ್ಳುದಾರಿಯ ಆಕಾರದ ಪಿಂಗಾಣಿ ತಿರುಳಿಟ್ಟು, ಮೇಲೆ ಪಿಂಗಾಣಿಯ ಕೆಸರನ್ನು ಪದರಪದರವಾಗಿ ಹಚ್ಚಿ ಒಣಗಿಸಿ, ಮೇಣವನ್ನು ಕರಗಿಸಿ ತೆಗೆಯುತ್ತಾರೆ. ವ್ಯತ್ಯಾಸ ಶುರುವಾಗುವುದು ಆಮೇಲೆ. ನಿರ್ವಾತ ಕುಲುಮೆಯಲ್ಲಿ ಲೋಹ ಹೊಯ್ದು, ಅಚ್ಚನ್ನು ಬಿಸಿ ವಲಯದಿಂದ ಬಹಳ ನಿಧಾನವಾಗಿ ಕೆಳಕ್ಕೆ ಇಳಿಸುತ್ತಾರೆ. ತಣ್ಣನೆಯ ತಳದಿಂದ ಹಲವು ಹರಳುಗಳು ಮೇಲಕ್ಕೆ ಬೆಳೆಯತೊಡಗುತ್ತವೆ. ಅವಕ್ಕೆ ಎದುರಾಗುವುದು ಹಂದಿಬಾಲದಂತೆ ಸುರುಳಿ ಸುತ್ತಿದ ಒಂದು ಕಿರಿದಾದ ದಾರಿ. ಆ ಸುರುಳಿಯನ್ನು ದಾಟಿ ಬರುವುದು ಒಂದೇ ಹರಳು, ಅಲಗಿನ ತುಂಬ ಬೆಳೆಯುವುದು ಅದೇ. ಇಳಿಸುವ ವೇಗ, ಉಷ್ಣತೆಯ ಇಳಿಜಾರು, ಮಿಶ್ರಲೋಹದ ಹದ ಯಾವುದು ತುಸು ತಪ್ಪಿದರೂ ಅಲಗು ತಿರಸ್ಕೃತ. ಈ ಹದವನ್ನು ಯಾವ ಕಂಪನಿಯೂ ಕಾಗದದ ಮೇಲೆ ಬರೆದು ಮಾರುವುದಿಲ್ಲ. ಬರೆದುಕೊಟ್ಟರೂ, ನೂರಾರು ಅಲಗುಗಳನ್ನು ಕೆಡಿಸದೆ ಯಾರ ಕೈಗೂ ಹತ್ತುವುದಿಲ್ಲ. ಯುದ್ಧವಿಮಾನದ ಎಂಜಿನ್ನನ್ನು ಬುಡದಿಂದ ತಾವೇ ಮಾಡಬಲ್ಲ ದೇಶಗಳು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಮತ್ತು ತಡವಾಗಿ ಸೇರಿದ ಚೀನಾ ಮಾತ್ರ ಎಂಬುದಕ್ಕೆ ಇಂಥ ಹತ್ತಾರು ಹದಗಳೇ ಕಾರಣ. ಚೀನಾ ಕೂಡ 1980ರ ದಶಕದಲ್ಲಿ ಆರಂಭಿಸಿದ ಡಬ್ಲ್ಯುಎಸ್-10 ಎಂಜಿನ್ನನ್ನು ನೆಚ್ಚಿಕೊಳ್ಳುವ ಮಟ್ಟಕ್ಕೆ ತರಲು ಎರಡು ದಶಕಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. ಆ ಅವಧಿಯುದ್ದಕ್ಕೂ ರಷ್ಯಾದ ಎಂಜಿನ್ ಕೊಳ್ಳುತ್ತಲೇ ತನ್ನದರ ಮೇಲಿನ ಕೆಲಸವನ್ನು ನಿಲ್ಲಿಸಲಿಲ್ಲ.

ನಮ್ಮ ಕಡೆ 1989ರಲ್ಲಿ 382.81 ಕೋಟಿ ರೂಪಾಯಿಗಳ ಮಂಜೂರಾತಿಯೊಡನೆ ಜಿಟಿಆರ್‌ಇ ತೇಜಸ್‌ಗಾಗಿ ಕೈಗೆತ್ತಿಕೊಂಡ ಎಂಜಿನ್ನಿಗೆ ಕಾವೇರಿ ಎಂದು ಹೆಸರಿಟ್ಟರು. ಅದರ ಒಳತಿರುಳಿಗೆ, ಅಂದರೆ ಕಂಪ್ರೆಸರ್, ದಹನಕೋಶ ಮತ್ತು ಮೊದಲ ಟರ್ಬೈನ್ ಕೂಡಿದ ಭಾಗಕ್ಕೆ ಕಬಿನಿ ಎಂಬ ಹೆಸರು. ಉಪನದಿ ಬಂದು ಸೇರಿ ದೊಡ್ಡ ನದಿಯಾಗುವ ಈ ಹೆಸರಿನ ಜೋಡಣೆಯಲ್ಲಿ ಆ ಎಂಜಿನಿಯರುಗಳ ಪ್ರೀತಿ ಕಾಣುತ್ತದೆ. ತೊಂಬತ್ತರ ದಶಕದ ನಡುವಿನಲ್ಲಿ ಮೊದಲು ಕಬಿನಿ, ಆಮೇಲೆ ಪೂರ್ಣ ಕಾವೇರಿ ಪರೀಕ್ಷಾ ಕಟ್ಟೆಯ ಮೇಲೆ ಓಡಿದವು. ಆದರೆ ಯೋಜನೆಯ ಮೂಲ ಗಡುವು 1996ರ ಡಿಸೆಂಬರ್. ಟರ್ಬೈನ್ ಎಂಜಿನ್ನೊಂದನ್ನು ಸೇವೆಗೆ ಇಳಿಸಿ ಅನುಭವವಿಲ್ಲದ ದೇಶ ಎಂಟು ವರ್ಷಗಳೊಳಗೆ ಆಫ್ಟರ್‌ಬರ್ನರ್ ಸಹಿತದ ಆಧುನಿಕ ಎಂಜಿನ್ ಮುಗಿಸುತ್ತದೆಂದು ಯಾವ ಲೆಕ್ಕದಲ್ಲಿ ಬರೆದುಕೊಂಡರೋ! ಗಡುವು ಬರೆದದ್ದು ಎಂಜಿನ್ನಿನ ಸ್ವಭಾವ ನೋಡಿಯಲ್ಲ, ವಿಮಾನದ ಅಗತ್ಯ ನೋಡಿ.

1998ರ ಪೋಖ್ರಾಣ್ ಪರೀಕ್ಷೆಗಳ ನಂತರ ಅಮೆರಿಕದ ನಿರ್ಬಂಧಗಳು ಬಂದವು. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಹೊರಗೆ ಕಳಿಸಲಾಯಿತು. ಆ ತಂತ್ರಾಂಶವನ್ನು ಬೆಂಗಳೂರಿನಲ್ಲೇ ಮುಗಿಸಿ 2001ರ ಜನವರಿ 4ರಂದು ತೇಜಸ್ ಹಾರಿತು, ಆದರೆ ಜಿಇಯ ಎಫ್404 ಎಂಜಿನ್ ಇಟ್ಟುಕೊಂಡು. 2004ರಲ್ಲಿ ರಷ್ಯಾದಲ್ಲಿ ನಡೆದ ಎತ್ತರದ ಪರೀಕ್ಷೆಯಲ್ಲಿ ಕಾವೇರಿ ತೇರ್ಗಡೆಯಾಗಲಿಲ್ಲ. 2008ರಲ್ಲಿ ತೇಜಸ್ ಯೋಜನೆಯಿಂದ ಅದನ್ನು ಬೇರ್ಪಡಿಸಲಾಯಿತು. 2011ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಕೊರತೆಗಳನ್ನು ಪಟ್ಟಿ ಮಾಡಿತು: 1,100 ಕಿಲೋ ಇರಬೇಕಿದ್ದ ತೂಕ 1,235 ಕಿಲೋ, 81 ಕಿಲೋನ್ಯೂಟನ್ ಬೇಕಿದ್ದ ನೂಕುಬಲ ಸುಮಾರು 70ರಲ್ಲೇ ನಿಂತದ್ದು, ಯೋಜನೆಯ ವೆಚ್ಚ 2,839 ಕೋಟಿಗೆ ಏರಿದ್ದು. ಈ ನಡುವೆ ತೇಜಸ್‌ನ ತೂಕವೂ ಏರಿತ್ತಾದ್ದರಿಂದ, ಕಾವೇರಿ ತನ್ನ ಮೂಲ ಗುರಿ ಮುಟ್ಟಿದ್ದರೂ ಅದಕ್ಕೆ ಸಾಲುತ್ತಿರಲಿಲ್ಲ.

ಏಳು ಪಟ್ಟು ಏರಿದ ವೆಚ್ಚ ಎಂಬ ಮಾತು ಪತ್ರಿಕೆಗಳಲ್ಲಿ ಬಹಳ ಸಲ ಬಂದಿದೆ. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಡಬೇಕು. 2021ರಲ್ಲಿ 99 ಎಫ್404 ಎಂಜಿನ್‌ಗಳಿಗೆ ನಾವು ಒಪ್ಪಿದ ಬೆಲೆ 5,375 ಕೋಟಿ ರೂಪಾಯಿ. ಸುಖೋಯ್-30 ವಿಮಾನಗಳಿಗಾಗಿ 240 ಎಎಲ್-31ಎಫ್‌ಪಿ ಎಂಜಿನ್‌ಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಆದ ಒಪ್ಪಂದ 26,000 ಕೋಟಿಗೂ ಹೆಚ್ಚಿನದು. 2025ರಲ್ಲಿ 62,370 ಕೋಟಿ ರೂಪಾಯಿಗೆ ಇನ್ನೂ 97 ತೇಜಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಕೆಯಾದ ಬೆನ್ನಲ್ಲೇ, ನವೆಂಬರ್‌ನಲ್ಲಿ ಜಿಇ ಜೊತೆ ಮತ್ತೆ 113 ಎಂಜಿನ್‌ಗಳ ಒಪ್ಪಂದವಾಯಿತು. ಬೇರೆ ಬೇರೆ ವರ್ಷಗಳ ರೂಪಾಯಿಗಳನ್ನು ನೇರವಾಗಿ ಹೋಲಿಸುವುದು ಪೂರ್ತಿ ಸರಿಯಲ್ಲವೆಂದು ಬಲ್ಲೆ. ಆದರೂ ಎರಡು ದಶಕ ಎಳೆದಾಡಿದ ಒಂದು ಸಂಶೋಧನಾ ಯೋಜನೆಯ ಪೂರ್ಣ ವೆಚ್ಚ ಒಂದೇ ಒಂದು ಖರೀದಿ ಒಪ್ಪಂದದ ಅರ್ಧದಷ್ಟೆಂದರೆ, ಕಾವೇರಿಯ ಮೇಲಿನ ಆರೋಪ ದುಂದುವೆಚ್ಚದ್ದಾಗಿರಲಾರದು. ಎಂಜಿನ್ ಅಭಿವೃದ್ಧಿಗೆ ನಾವು ಕೊಟ್ಟದ್ದು ಕಡಿಮೆ, ಕೊಟ್ಟದ್ದನ್ನೂ ಬಿಡಿಬಿಡಿಯಾಗಿ ಕೊಟ್ಟೆವು.

ಇಸ್ರೋ ಮಾಡಿದೆಯಲ್ಲ, ಇವರೇಕೆ ಮಾಡಲಿಲ್ಲ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಅತಿಶೀತಲ ದ್ರವ ಇಂಧನ ಬಳಸುವ ಕ್ರಯೋಜೆನಿಕ್ ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಕೊಡಲು ಒಪ್ಪಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲಿ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನು ಮಾತ್ರ ಕೊಟ್ಟಿತು. ಇಸ್ರೋ ಅವುಗಳಿಂದ ಜಿಎಸ್‌ಎಲ್‌ವಿ ರಾಕೆಟ್ ಹಾರಿಸುತ್ತಲೇ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ತನ್ನ ಎಂಜಿನ್ನನ್ನು ಉರಿಸಿ ಉರಿಸಿ ತಿದ್ದಿತು. 2010ರ ಏಪ್ರಿಲ್‌ನಲ್ಲಿ ಸ್ವದೇಶಿ ಎಂಜಿನ್ನಿನ ಮೊದಲ ಹಾರಾಟ ವಿಫಲವಾದರೂ ಬಿಡದೆ, 2014ರ ಜನವರಿ 5ರಂದು ಗೆದ್ದಿತು. ಹೋಲಿಕೆ ಎಂಜಿನ್‌ಗಳ ಮಟ್ಟಿಗೆ ಅರ್ಧವೇ ಸರಿ. ಆ ರಾಕೆಟ್ ಎಂಜಿನ್ ಹನ್ನೆರಡು ನಿಮಿಷ ಉರಿದರೆ ಅದರ ಬದುಕು ಸಾರ್ಥಕ. ಯುದ್ಧವಿಮಾನದ ಎಂಜಿನ್ ಪೈಲಟ್‌ನ ಕೈ ಹೇಳಿದಂತೆ ಕ್ಷಣಕ್ಕೊಮ್ಮೆ ಏರಿಳಿಯುತ್ತ, ಬೀದರಿನ ಬೇಸಿಗೆಯಲ್ಲೂ ಲೇಹ್‌ನ ತೆಳುಗಾಳಿಯಲ್ಲೂ ವರ್ಷಗಟ್ಟಲೆ ದುಡಿಯಬೇಕು. ಆದರೆ ಕೆಲಸದ ವ್ಯವಸ್ಥೆಯ ಮಟ್ಟಿಗೆ ಹೋಲಿಕೆ ಪೂರ್ತಿ ಸರಿ. ಇಸ್ರೋದಲ್ಲಿ ಎಂಜಿನ್ ಮಾಡುವವರು, ರಾಕೆಟ್ ಕಟ್ಟುವವರು, ಹಾರಿಸುವವರು ಒಂದೇ ಮನೆಯವರು. ಎಂಜಿನ್ ತಡವಾದರೆ ಮನೆಯೇ ಆ ತಡವನ್ನು ಹೊತ್ತುಕೊಳ್ಳುತ್ತದೆ. ಕಾವೇರಿಯ ವಿಷಯದಲ್ಲಿ ಎಂಜಿನ್ ಜಿಟಿಆರ್‌ಇಯದು, ವಿಮಾನದ ವಿನ್ಯಾಸ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಎಂಬ ಎಡಿಎಯದು, ತಯಾರಿ ಎಚ್‌ಎಎಲ್‌ನದು, ಬಳಕೆ ವಾಯುಪಡೆಯದು. ಎಂಜಿನ್ ತಡವಾದಾಗ ಉಳಿದ ಮೂವರೂ ಬೇರೆಡೆ ನೋಡಿದರು. ಅವರವರ ಜಾಗದಲ್ಲಿ ನಿಂತು ನೋಡಿದರೆ ಅದು ತಪ್ಪೂ ಅಲ್ಲ.

ಇನ್ನೊಂದು ವ್ಯತ್ಯಾಸ ಪರೀಕ್ಷಾ ಸೌಲಭ್ಯದ್ದು. ಇಸ್ರೋಗೆ ಮಹೇಂದ್ರಗಿರಿ ಇತ್ತು. ಕಾವೇರಿಗೆ, ಎತ್ತರದ ತೆಳುಗಾಳಿಯನ್ನೂ ಚಳಿಯನ್ನೂ ನೆಲದ ಮೇಲೆಯೇ ಸೃಷ್ಟಿಸುವ ಕೋಶವಾಗಲಿ, ಎಂಜಿನ್ನನ್ನು ರೆಕ್ಕೆಯಡಿ ತೂಗುಹಾಕಿ ಹಾರುವ ಪರೀಕ್ಷಾ ವಿಮಾನವಾಗಲಿ ದೇಶದಲ್ಲಿರಲಿಲ್ಲ. ಹಾಗಾಗಿ ಎಂಜಿನ್ನನ್ನು ಪೆಟ್ಟಿಗೆ ಕಟ್ಟಿ ರಷ್ಯಾಕ್ಕೆ ಕಳಿಸಬೇಕು, ಅವರ ಸರದಿಗೆ ಕಾಯಬೇಕು, ದೋಷ ಕಂಡರೆ ಬೆಂಗಳೂರಿಗೆ ತಂದು ತಿದ್ದಿ ಮತ್ತೆ ಕಳಿಸಬೇಕು. 2010ರ ನವೆಂಬರ್‌ನಲ್ಲಿ ಮಾಸ್ಕೋ ಸಮೀಪದ ಗ್ರೊಮೊವ್ ಸಂಸ್ಥೆಯಲ್ಲಿ ಐಎಲ್-76 ವಿಮಾನಕ್ಕೆ ಜೋಡಿಸಿದ ಕಾವೇರಿ ಮೊದಲ ಬಾರಿಗೆ ಆಕಾಶ ಕಂಡಿತು. ವಾರದಲ್ಲಿ ತಿದ್ದಬಹುದಾದ ತಪ್ಪಿಗೆ ತಿಂಗಳುಗಳು ಹಿಡಿದರೆ, ಹತ್ತು ವರ್ಷದ ಕೆಲಸ ಮೂವತ್ತು ವರ್ಷಕ್ಕೆ ಎಳೆಯುವುದರಲ್ಲಿ ಸೋಜಿಗವೇನಿಲ್ಲ.

ಇಷ್ಟರ ನಡುವೆ ‘ತಂತ್ರಜ್ಞಾನ ವರ್ಗಾವಣೆ’ ಎಂಬ ಮಾತು ಪ್ರತಿ ಒಪ್ಪಂದದ ಜೊತೆಯಲ್ಲೂ ಕೇಳಿಬರುತ್ತದೆ. ಆರ್ಫಿಯಸ್‌ನಿಂದ ಹಿಡಿದು ಒಡಿಶಾದ ಕೊರಾಪುಟ್‌ನಲ್ಲಿ ತಯಾರಾಗುವ ಸುಖೋಯ್ ಎಂಜಿನ್‌ಗಳವರೆಗೆ ಎಚ್‌ಎಎಲ್ ಆರು ದಶಕಗಳಿಂದ ಪರವಾನಗಿಯ ಮೇಲೆ ಜೆಟ್ ಎಂಜಿನ್ ಮಾಡುತ್ತ ಬಂದಿದೆ. ಆ ಕಾರ್ಮಿಕರ ಕೈಚಳಕ ಸಣ್ಣದಲ್ಲ. ಆದರೆ ನಕ್ಷೆಯಲ್ಲಿರುವಂತೆ ಒಂದು ಭಾಗವನ್ನು ಕೊರೆಯಲು ಕಲಿಯುವುದು ಬೇರೆ, ಆ ನಕ್ಷೆಯಲ್ಲಿ ಆ ಅಳತೆಯೇ ಏಕಿದೆ ಎಂದು ತಿಳಿಯುವುದು ಬೇರೆ. ಎರಡನೆಯದನ್ನು ಯಾರೂ ಮಾರುವುದಿಲ್ಲ. ರಫೇಲ್ ಖರೀದಿಯ ಆಫ್‌ಸೆಟ್ ಬಾಬಿನಲ್ಲಿ (ಮಾರಾಟಗಾರರು ಬೆಲೆಯ ಒಂದು ಪಾಲನ್ನು ಭಾರತದಲ್ಲೇ ತೊಡಗಿಸಬೇಕೆಂಬ ಷರತ್ತು) ಕಾವೇರಿಗೆ ನೆರವು ಪಡೆಯಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಯಸಿದ್ದನ್ನೂ, ಮಾರಾಟಗಾರರು ಅದನ್ನು ಖಚಿತಪಡಿಸದೆ ಉಳಿದದ್ದನ್ನೂ 2020ರಲ್ಲಿ ಮಹಾಲೇಖಪಾಲರೇ ದಾಖಲಿಸಿದ್ದಾರೆ. ತೇಜಸ್ ಮಾರ್ಕ್-2ಕ್ಕಾಗಿ ಜಿಇಯ ಎಫ್414 ಎಂಜಿನ್ನನ್ನು ಭಾರತದಲ್ಲೇ ಮಾಡುವ ಬಗ್ಗೆ 2023ರ ಜೂನ್‌ನಲ್ಲಿ ಒಡಂಬಡಿಕೆಯಾಗಿದೆ. ಅದರಿಂದ ನಮಗೆ ಬರುವ ತಯಾರಿಕಾ ವಿಧಾನಗಳು ಬೆಲೆಯುಳ್ಳವೇ, ಆದರೆ ವಿನ್ಯಾಸ ಜಿಇಯದೇ ಆಗಿರುತ್ತದೆ.

ಹೀಗಾಗಿ ಎಎಂಸಿಎ ಎಂಬ ಮುಂದಿನ ಪೀಳಿಗೆಯ ವಿಮಾನಕ್ಕಾಗಿ ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆಗೂಡಿ 120 ಕಿಲೋನ್ಯೂಟನ್ ವರ್ಗದ ಎಂಜಿನ್ನನ್ನು ಮೊದಲಿನಿಂದ ರೂಪಿಸುವ ಪ್ರಸ್ತಾವ, ಈವರೆಗಿನ ಎಲ್ಲಕ್ಕಿಂತ ಭರವಸೆಯದೆಂದು ನನಗೆ ತೋರುತ್ತದೆ. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಅದನ್ನು ಬಹಿರಂಗವಾಗಿ ಹೇಳಿದರು. ಈ ಬಾರಿ ನಾವು ಬರಿಗೈಯಲ್ಲಿ ಹೋಗುತ್ತಿಲ್ಲ ಎಂಬುದೂ ಮುಖ್ಯ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ 2021ರ ಏಪ್ರಿಲ್‌ನಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಹರಳಿನ ಅಲಗುಗಳನ್ನು ಎರೆದು ಎಚ್‌ಎಎಲ್‌ಗೆ ಕೊಟ್ಟಿತು. ಅದರ ಮರುತಿಂಗಳೇ ಕಂಪ್ರೆಸರಿನ ತಟ್ಟೆಗಳನ್ನು ಏಕೋಷ್ಣದಲ್ಲಿ, ಅಂದರೆ ಉಷ್ಣತೆ ಬದಲಾಗದಂತೆ ಇಟ್ಟು, ಬಡಿದು ರೂಪಿಸುವ ವಿಧಾನ ಕೈವಶವಾದುದನ್ನು ಡಿಆರ್‌ಡಿಒ ಪ್ರಕಟಿಸಿತು. ನಿರ್ಭಯ ವರ್ಗದ ಕ್ಷಿಪಣಿಗಳಿಗಾಗಿ ಜಿಟಿಆರ್‌ಇ ‘ಮಾಣಿಕ್’ ಎಂಬ ಸಣ್ಣ ಎಂಜಿನ್ ರೂಪಿಸಿದೆ. ಇವೆಲ್ಲ ಬಹುಮಟ್ಟಿಗೆ ಕಾವೇರಿಯ ಕೆಲಸದಲ್ಲಿ ಪಳಗಿದ ಕೈಗಳ ಫಲ. ಸೋತಿತೆಂದು ನಾವು ಬರೆದುಬಿಟ್ಟ ಯೋಜನೆಯೇ ಈಗಿನ ಮಾತುಕತೆಯ ಮೇಜಿನಲ್ಲಿ ನಮ್ಮವರಿಗೆ ಏನು ಕೇಳಬೇಕೆಂದು ಕಲಿಸಿರುವುದು.

ಎಎಂಸಿಎಯ ಮೊದಲ ಮಾದರಿಗಳು ಎಫ್414 ಎಂಜಿನ್ನಿನಿಂದಲೇ ಹಾರಲಿವೆ, ಹೊಸ ಎಂಜಿನ್ ಅದರ ಎರಡನೇ ಮಾರ್ಕ್‌ಗೆ ಎಂಬುದು ಈಗಿನ ಯೋಜನೆ. ವಿಮಾನದ ಗಡುವಿಗೆ ಎಂಜಿನ್ನಿನ ಕೊರಳು ಕಟ್ಟದ ಈ ಏರ್ಪಾಡು ಒಳ್ಳೆಯದು. ಆದರೆ ಅದರಲ್ಲಿ ಒಂದು ಅಪಾಯವೂ ಅಡಗಿದೆ. ಕೊಂಡ ಎಂಜಿನ್ ಕೆಲಸ ನಡೆಸುತ್ತಿರುವಾಗ ನಮ್ಮದರ ಮೇಲಿನ ಖರ್ಚನ್ನು ಒಂದು ವರ್ಷ ಮುಂದೂಡುವುದು, ಆಮೇಲೆ ಇನ್ನೊಂದು ವರ್ಷ ಮುಂದೂಡುವುದು ಬಹಳ ಸುಲಭ. ಸರ್ಕಾರ ಮೊದಲು ಮಾಡಬೇಕಾದದ್ದು ಸಫ್ರಾನ್ ಒಪ್ಪಂದದ ಸಹಿಗೂ ಕಾಯದೆ ಎತ್ತರದ ಪರೀಕ್ಷಾ ಕೋಶ ಮತ್ತು ಹಾರುವ ಪರೀಕ್ಷಾ ವಿಮಾನಕ್ಕೆ ಹಣ ಕೊಡುವುದು, ಏಕೆಂದರೆ ಯಾವ ಎಂಜಿನ್ ಬಂದರೂ ಅವು ಬೇಕೇ ಬೇಕು. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಘಾತಕ್ ಎಂಬ ಪೈಲಟ್‌ರಹಿತ ಯುದ್ಧವಿಮಾನಕ್ಕಾಗಿ ಈಗ ಸಿದ್ಧಗೊಳಿಸಲಾಗುತ್ತಿದೆ. 2025ರಲ್ಲಿ ಅದರ ಹಾರಾಟ ಪರೀಕ್ಷೆ ನಡೆಯುತ್ತಿದ್ದುದೂ ಸುರಂಜನ್ ದಾಸ್ ರಸ್ತೆಯಿಂದ ಸಾವಿರಾರು ಕಿಲೋಮೀಟರ್ ದೂರದ ರಷ್ಯಾದಲ್ಲಿ, ಆ ದೇಶದ ವಿಮಾನದ ರೆಕ್ಕೆಯಡಿಯಲ್ಲಿ.